ನಡೆದು ನೋಡಿ ಹಿಡಿದ ಮನೆ

ಮೇ ತಿಂಗಳು ಮುಗಿಯುತ್ತ ಬಂತೆಂದರೆ ಮನೆ ಸಾಮಾನು ಹೊತ್ತ ಲಾರಿಗಳ ಓಡಾಟ ಹೆಚ್ಚುತ್ತದೆ. ಬೀರು, ಮಂಚ, ಗ್ಯಾಸ್ ಸಿಲಿಂಡರು, ಎಲ್ಲದರ ಮೇಲೆ ಹಗ್ಗ ಬಿಗಿದ ಸೈಕಲ್ಲು. ಅದು ವರ್ಗಾವಣೆಯ ಕಾಲ, ಮಕ್ಕಳನ್ನು ಕಾಲೇಜಿಗೆ ಸೇರಿಸುವ ಕಾಲ. ವಿಚಿತ್ರವೆಂದರೆ, ಕಾಲೇಜು ಆರಿಸಲು ನಾಲ್ಕು ತಿಂಗಳು ತಲೆಕೆಡಿಸಿಕೊಳ್ಳುವ ಪಾಲಕರು ಮನೆಯನ್ನು ಎರಡೇ ಭಾನುವಾರಗಳಲ್ಲಿ ಆರಿಸಿ ಮುಗಿಸುತ್ತಾರೆ. ಮಗಳು ಕಾಲೇಜಿನಲ್ಲಿರುವುದು ದಿನಕ್ಕೆ ಐದಾರು ತಾಸು. ಉಳಿದದ್ದು ಮನೆ, ಮತ್ತು ಮನೆಗೂ ಕಾಲೇಜಿಗೂ ನಡುವಿನ ದಾರಿ. ಆ ದಾರಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಧಾರವಾಡದ ಬ್ಯಾಂಕ್ ನೌಕರರೊಬ್ಬರಿಗೆ 2023ರಲ್ಲಿ ಮೈಸೂರಿಗೆ ವರ್ಗವಾಯಿತು. ಮಗಳು ಪದವಿಗೆ ಸೇರಬೇಕು, ಮಗ ಎಂಟನೆಯ ತರಗತಿ. ಜೊತೆಗೆ ಎಪ್ಪತ್ನಾಲ್ಕು ವರ್ಷದ ತಾಯಿ, ಮಕ್ಕಳ ಬಾಯಲ್ಲಿ ಆಯಿ. ರಿಂಗ್ ರಸ್ತೆಯಾಚೆಯ ಹೊಸ ಬಡಾವಣೆಯೊಂದರಲ್ಲಿ ಮನೆ ಬಹುಮಟ್ಟಿಗೆ ಗೊತ್ತಾಗಿತ್ತು. ಎರಡು ಬಚ್ಚಲು, ನುಣುಪು ನೆಲ, ಕಾರಿಗೆ ಮುಚ್ಚಿದ ಜಾಗ. ಬಾಡಿಗೆಯೂ ಕೈಗೆಟುಕುವಂಥದ್ದು. ನೋಡಲು ಹೋದ ದಿನ ಆಯಿ ಗೇಟಿನ ಹೊರಗೆ ನಿಂತು ರಸ್ತೆಯ ಎರಡೂ ತುದಿಯನ್ನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ.

"ಕಾರ್ ಎಲ್ಲಿ ನಿಂದ್ರಬೇಕಂತ ಎಲ್ಲಾರೂ ಕೇಳ್ತೀರಿ. ನಾ ಎಲ್ಲಿ ಕುಂದ್ರಬೇಕಂತ ಯಾರರೆ ಕೇಳೀರೇನಪಾ?" ಎಂದರು.

ಮಗ ನಕ್ಕು ಸುಮ್ಮನಾದರು. ಸೊಸೆ ನಗಲಿಲ್ಲ. ಅವರಿಗೆ ಸ್ಕೂಟರ್ ಬಿಡಲು ಬರುವುದಿಲ್ಲ. ಆ ಮನೆಯಲ್ಲಿದ್ದರೆ ಒಂದು ಕಟ್ಟು ಕೊತ್ತಂಬರಿಗೂ ಗಂಡ ಬ್ಯಾಂಕಿನಿಂದ ಬರುವುದನ್ನು ಕಾಯಬೇಕು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದದ್ದು ಅದೇ ವರ್ಷದ ಜೂನ್‌ನಲ್ಲಿ, ನಿಜ. ಆದರೆ ಬಸ್ಸು ಪುಕ್ಕಟೆಯಾದರಷ್ಟೇ ಸಾಲದು, ಬರಲೂ ಬೇಕಲ್ಲ! "ಒಂದ ದಿವಸ ಕಾರ್ ಬಿಟ್ಟು, ಹಳೇ ಓಣ್ಯಾಗ ನಡದ ನೋಡೂಣ್ರಿ," ಎಂದು ಅವರೇ ಸೂಚಿಸಿದ್ದು.

ಹಾಗೆ ಅವರು ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆಯ ಬೀದಿಗಳಲ್ಲಿ ನಡೆದರು. ಮೈಸೂರಿನ ಈ ಭಾಗ ಕಾಲ್ನಡಿಗೆಗೆ ಒದಗುವುದು ಆಕಸ್ಮಿಕವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ಲೇಗು ಊರನ್ನು ಕಾಡಿದ ಮೇಲೆ ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಗಾಳಿ ಬೆಳಕಿನ ಬಡಾವಣೆ ಮಾಡುವ ಯೋಚನೆ ಬಲವಾಯಿತು. 1903ರಲ್ಲಿ ನಗರ ಸುಧಾರಣೆಗೆಂದೇ ಒಂದು ಮಂಡಳಿ ಹುಟ್ಟಿತು. ಆಗ ಕಾರೆಂಬುದು ಅರಮನೆಯವರ ಮಾತು. ಗುಮಾಸ್ತ ಕಚೇರಿಗೆ, ಹುಡುಗ ಶಾಲೆಗೆ, ಹೆಂಗಸರು ಗುಡಿಗೆ ಹೋಗುತ್ತಿದ್ದದ್ದು ನಡೆದೇ. ಆದ್ದರಿಂದ ಇಲ್ಲಿ ಅಡ್ಡರಸ್ತೆಗಳು ಹತ್ತಿರ ಹತ್ತಿರ, ಮೂಲೆಗೊಂದು ಅಂಗಡಿ, ಮನೆ ಮುಂದೆ ಜಗಲಿ. ಹಳೆಯದೆಲ್ಲ ಚೆಂದವೆಂಬುದು ಸುಳ್ಳು. ಈ ಅಳತೆ ಮಾತ್ರ ನಿಜಕ್ಕೂ ಚೆಂದ.

ಮಗಳಿಗೆ ಹಿಡಿಸಿದ್ದು ಬೇರೆಯದೇ ಕಾರಣಕ್ಕೆ. ಕೃಷ್ಣರಾಜ ಬುಲೆವಾರ್ಡ್‌ನ ಮರಗಳ ಕೆಳಗೆ ನಡೆದರೆ ಒಂದೇ ದಾರಿಯಲ್ಲಿ ಎಷ್ಟೊಂದು ಸಿಗುತ್ತವೆ! 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಅಲ್ಲಿದೆ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು ಈ ಸಂಸ್ಥೆಯಿಂದ. ಅಲ್ಲಿಂದ ಸ್ವಲ್ಪ ದೂರದಲ್ಲೇ ಮಹಾರಾಜ ಕಾಲೇಜು: ರಾಧಾಕೃಷ್ಣನ್ 1918ರಿಂದ 1921ರವರೆಗೆ ತತ್ತ್ವಶಾಸ್ತ್ರ ಹೇಳಿಕೊಟ್ಟದ್ದು, ಕುವೆಂಪು ಓದಿದ್ದು, ಆಮೇಲೆ ಪಾಠ ಮಾಡಿದ್ದು ಇಲ್ಲೇ. ಇವುಗಳ ಮುಂದೆ ದಿನಾ ಓಡಾಡಿದರೆ ಅಂಕ ಹೆಚ್ಚುತ್ತದೆಂದು ಯಾರೂ ಹೇಳಲಾರರು. ಆದರೆ ಹುಡುಗಿ ಗೇಟಿನ ಮುಂದೆ ನಿಂತು, "ತಾಳೆಗರಿ ನೋಡ್ಲಿಕ್ಕೆ ಒಳಗ ಬಿಡ್ತಾರೇನವ್ವ?" ಎಂದು ಕೇಳಿದಳು. ಬಸ್ಸಿನ ಕಿಟಕಿಯಿಂದ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಮನೆ ಸಿಗುವುದು ಅಷ್ಟು ಸುಲಭವಾಗಲಿಲ್ಲ. ಹಳೆಯ ಬೀದಿಗಳಿಗೆ ಹಳೆಯ ರೋಗಗಳೂ ಇವೆ. ಮೊದಲ ಮನೆಯಲ್ಲಿ ಮಾಲೀಕರು ಕೂರಿಸಿ, ಕಾಫಿ ಕೊಟ್ಟು, "ನೀವು ಯಾವ ಪೈಕಿ?" ಎಂದರು. ಬ್ಯಾಂಕಿನವರು ಉತ್ತರ ಹೇಳಿದರು. ಕಾಫಿ ಮುಗಿಯುವಷ್ಟರಲ್ಲಿ, ಮನೆ ನೆಂಟರಿಗೆ ಕೊಡುವುದಿದೆ ಎಂಬ ನೆನಪು ಅವರಿಗೆ ಬಂತು. ಎರಡನೆಯ ಮನೆಯಲ್ಲೂ ಅದೇ ಪ್ರಶ್ನೆ. ಈ ಸಲ ಹೆಂಡತಿ, "ನಾವು ಬಾಡಿಗಿ ಸರಿಯಾಗಿ ಕೊಡೋ ಪೈಕಿರಿ," ಎಂದು ಎದ್ದು ಬಂದರು. ಪಾರಂಪರಿಕ ಬಡಾವಣೆಯ ಸೊಬಗಿನ ಬಗ್ಗೆ ಬರೆಯುವವರು ಈ ಪ್ರಶ್ನೆಯನ್ನು ಬಿಟ್ಟೇ ಬರೆಯುತ್ತಾರೆ. ಜಗಲಿಯ ಮೇಲೆ ಯಾರು ಕೂರಬಹುದು ಎಂಬುದೂ ಆ ಪರಂಪರೆಯ ಒಂದು ಭಾಗವೇ ಆಗಿತ್ತಲ್ಲ.

ಮೂರನೆಯದು ಹೆಂಚಿನ ಮನೆ, ಚಾಮರಾಜಪುರಂ ರೈಲು ನಿಲ್ದಾಣದಿಂದ ಕೂಗಳತೆ. ಮಾಲೀಕರು ನಿವೃತ್ತ ಮೇಷ್ಟರು. "ಎಷ್ಟು ಜನ ಇರ್ತೀರಾ? ನೀರು ಬೆಳಿಗ್ಗೆ ಹೊತ್ತು ಬರುತ್ತೆ, ಹಿಡಿದಿಟ್ಕೋಬೇಕು," ಎಂದಷ್ಟೇ ಹೇಳಿದರು. ಬ್ಯಾಂಕಿನವರು ಸಾಲಕ್ಕೆ ಆಧಾರ ನೋಡುವ ಕಣ್ಣಿನಿಂದಲೇ ಮನೆ ನೋಡಿದರು. ತೊಲೆಗೆ ಗೆದ್ದಲು ಹತ್ತಿದೆಯೇ, ಗೋಡೆ ಬುಡದಲ್ಲಿ ತೇವ ಎಷ್ಟೆತ್ತರ ಏರಿದೆ, ವಿದ್ಯುತ್ ತಂತಿ ಯಾವ ಕಾಲದ್ದು. ಈ ಎಚ್ಚರ ಅತಿಯಲ್ಲ. ಅದೇ ಊರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಅಡುಗೆಮನೆಯ ಎರಡು ತೊಲೆ ಬದಲಾಯಿಸಿಕೊಟ್ಟ ಮೇಲೆಯೇ ಅವರು ಮುಂಗಡ ಎಣಿಸಿದ್ದು.

ಅದಕ್ಕೂ ಮುಂಚೆ ಹೆಂಡತಿ ಇನ್ನೊಂದು ಪರೀಕ್ಷೆ ಇಟ್ಟಿದ್ದರು. ಮನೆ ಹುಡುಕುವ ಪಾಲಕರು ನಕಲು ಮಾಡಬಹುದಾದ ಪರೀಕ್ಷೆ ಅದು. ರಾತ್ರಿ ಎಂಟಕ್ಕೆ ಮಗಳನ್ನು ಕಾಲೇಜಿನ ಕಡೆಯಿಂದ ಮನೆಯ ತನಕ ಮುಂದೆ ನಡೆಯಲು ಬಿಟ್ಟು, ತಾವು ಐವತ್ತು ಹೆಜ್ಜೆ ಹಿಂದೆ ಬಂದರು. ದೀಪ ಎಲ್ಲೆಲ್ಲಿ ಇಲ್ಲ, ಪಾದಚಾರಿ ಮಾರ್ಗ ಎಲ್ಲಿ ಒಡೆದಿದೆ, ಯಾವ ತಿರುವಿನಲ್ಲಿ ಹುಡುಗಿ ಹೆಜ್ಜೆ ಚುರುಕು ಮಾಡುತ್ತಾಳೆ ಎಂದು ನೋಡಿದರು. ಒಂದು ಕಾಂಪೌಂಡಿನ ಉದ್ದಕ್ಕೂ ಕತ್ತಲೆ ಇತ್ತು. ಅಲ್ಲಿ ಅವಳು ಓಡಿದಂತೆಯೇ ನಡೆದಳು. ಮುಂದಿನ ಅಡ್ಡರಸ್ತೆಯಲ್ಲಿ ಔಷಧದಂಗಡಿ, ಹೂವಿನವಳು, ಬಾಗಿಲಲ್ಲಿ ನಿಂತು ಮಾತಾಡುವ ಹೆಂಗಸರು. ಅಲ್ಲಿ ನಡಿಗೆ ತಾನಾಗಿ ಸಡಿಲವಾಯಿತು. ಆ ಕತ್ತಲ ಕಾಂಪೌಂಡನ್ನು ತಪ್ಪಿಸುವ ದಾರಿ ಮೂರು ನಿಮಿಷ ಸುತ್ತು. ಈಗಲೂ ಹುಡುಗಿ ಗ್ರಂಥಾಲಯದಿಂದ ತಡವಾಗಿ ಬರುವ ದಿನ ಆ ಸುತ್ತಿನಲ್ಲೇ ಬರುತ್ತಾಳೆ.

ಬಾಡಿಗೆ ಹೊಸ ಬಡಾವಣೆಯದಕ್ಕಿಂತ ಮೂರು ಸಾವಿರ ಹೆಚ್ಚು. ಮಗಳಿಗೆ ಕೊಳ್ಳಬೇಕೆಂದಿದ್ದ ಸ್ಕೂಟರ್ ಬೇಡವಾಯಿತು. ಲೆಕ್ಕ ಹೇಗೋ ಸರಿದೂಗಿತು. ಕಾರು ಹಿಂದಿನ ಬೀದಿಯ ಶೆಡ್ಡೊಂದರಲ್ಲಿ ಬಾಡಿಗೆಗೆ ನಿಂತಿದೆ. ದಸರೆಯ ಹತ್ತು ದಿನ ಅದನ್ನು ಹೊರಗೆ ತೆಗೆಯುವ ಮಾತೇ ಇಲ್ಲ. ಅಷ್ಟೂ ದಿನ ಧಾರವಾಡದ ನೆಂಟರು ಮನೆ ತುಂಬ. ಮಳೆಗಾಲದಲ್ಲಿ ಹೆಂಚು ಎರಡು ಕಡೆ ಸೋರುತ್ತದೆ. ಮಗ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾನೆ, ಬರುವಾಗ ದಿನವೂ ಬೇರೆ ಬೇರೆ ದಾರಿ. ತಾಯಿ ವಾರಕ್ಕೊಮ್ಮೆ ದೇವರಾಜ ಮಾರುಕಟ್ಟೆಗೆ ನಡೆದು ಹೋಗಿ, ಭಾರವಾದರೆ ಆಟೋದಲ್ಲಿ ಬರುತ್ತಾರೆ.

ಆಯಿಗೆ ಎರಡನೆಯ ವಾರದಲ್ಲೇ ಬೀದಿ ಕೈವಶವಾಯಿತು. ಒಂದು ಸಂಜೆ ಕಾಣಿಸದೆ ಮನೆಯವರೆಲ್ಲ ಗಾಬರಿಯಾದಾಗ, ಚಾಮರಾಜಪುರಂ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಂಜನಗೂಡಿನ ರೈಲು ಹತ್ತಲಿದ್ದ ಯಾರೋ ಹೆಂಗಸಿಗೆ ಶೇಂಗಾ ಚಟ್ನಿ ಮಾಡುವುದು ಹೇಗೆಂದು ವಿವರಿಸುತ್ತ ಕೂತಿದ್ದರು. ಆ ಮೈಸೂರಿನ ಹೆಂಗಸಿಗೆ ಎಷ್ಟು ಅರ್ಥವಾಯಿತೋ, ತಲೆಯಂತೂ ಆಡಿಸುತ್ತಿದ್ದರು.

ಹೋದ ತಿಂಗಳು ಪಕ್ಕದ ಹೆಂಚಿನ ಮನೆ ಮಾರಾಟವಾಗಿದೆ. ಕೆಡವಿ ನಾಲ್ಕಂತಸ್ತು ಎಬ್ಬಿಸುತ್ತಾರಂತೆ, ಕೆಳಗಿನ ಮಹಡಿ ಪೂರ್ತಿ ಕಾರುಗಳಿಗೆ. ಮೇಷ್ಟರ ಬಳಿಗೂ ಮಧ್ಯವರ್ತಿಯೊಬ್ಬ ಎರಡು ಸಲ ಬಂದು ಹೋಗಿದ್ದಾನೆ. ಮಗಳ ಪದವಿ ಮುಗಿಯುವ ತನಕ ಕೊಡುವುದಿಲ್ಲ ಎಂದು ಮೇಷ್ಟರು ಬಾಯಿಮಾತಿನಲ್ಲಿ ಹೇಳಿದ್ದಾರೆ. ಕರಾರು ಪತ್ರ ಮಾತ್ರ ಹನ್ನೊಂದು ತಿಂಗಳದ್ದು.