ಹೆಂಚಿನ ಊರು ಮಂಗಳೂರು

ಹಳೇ ಮನೆಯ ಹೆಂಚೊಂದನ್ನು ಮಗುಚಿ ನೋಡಿ, ಮಂಗಳೂರು ಅಂತ ಅಚ್ಚು ಇದ್ದೀತು. ಅಷ್ಟೊಂದು ಹೆಂಚಿನ ಕಾರ್ಖಾನೆಗಳು ಆ ಊರಿನಲ್ಲೇ ಏಕೆ ಹುಟ್ಟಿದವು ಅನ್ನೋದು ನನಗೆ ಅರ್ಥವಾದದ್ದು ಜಪ್ಪುವಿನ ಹತ್ತಿರ ನೇತ್ರಾವತಿಯ ದಡದಲ್ಲಿ ನಿಂತಾಗ.

ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲೇ ಕಾರ್ಖಾನೆ ತೆಗೆದರು. ಮತಾಂತರವಾಗಿ ಕುಲಕಸುಬು ಕಳೆದುಕೊಂಡವರಿಗೆ ಕೆಲಸ ಕೊಡಬೇಕಿತ್ತು. ನೇತ್ರಾವತಿ, ಗುರುಪುರ ಹೊಳೆಗಳ ಬದಿಯಲ್ಲಿ ಒಳ್ಳೇ ಜೇಡಿಮಣ್ಣು ಇತ್ತು. ಅದು ದೋಣಿಯಲ್ಲೇ ಬರುತ್ತಿತ್ತು. ಭಟ್ಟಿಗೆ ಸೌದೆ ಕೊಡಲು ಕಾಡೂ ದೂರವಿರಲಿಲ್ಲ.

ಆದರೆ ನನಗೆ ದೊಡ್ಡದಾಗಿ ಕಂಡದ್ದು ಸಮುದ್ರ. ಹೆಂಚು ಭಾರದ ಸಾಮಾನು, ಸಾಲದ್ದಕ್ಕೆ ಒಡೆಯುವಂಥದು. ಎತ್ತಿನ ಗಾಡಿಯಲ್ಲಿ ಕುಲುಕಿಸಿಕೊಂಡು ಘಟ್ಟ ಹತ್ತಿಸಿದರೆ ಖರ್ಚೆಷ್ಟು, ಉಳಿಯೋದೆಷ್ಟು? (ಉಪ್ಪಿನಕಾಯಿ ಜಾಡಿಯನ್ನು ಬಸ್ಸಿನಲ್ಲಿ ತವರಿನಿಂದ ತಂದವರಿಗೆ ಇದು ಗೊತ್ತು.) ಹಳೇ ಬಂದರಿನಲ್ಲಿ ಮಂಜಿಗೆ, ಅಂದರೆ ಹಾಯಿಹಡಗಿಗೆ ತುಂಬಿದರೆ ಮುಂಬಯಿಗೆ, ಸಿಂಹಳಕ್ಕೆ, ಪೂರ್ವ ಆಫ್ರಿಕಕ್ಕೂ ಹೋಗುತ್ತಿತ್ತು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅಷ್ಟರೊಳಗೆ ಇನ್ನೂ ಎಷ್ಟೋ ಜನ ಹೊಳೆಬದಿಯಲ್ಲಿ ಕಾರ್ಖಾನೆ ಹಾಕಿಯಾಗಿತ್ತು.

ಆಮೇಲೆ ತಾರಸಿ ಮನೆಗಳು ಬಂದವು, ಸೌದೆ ದುಬಾರಿಯಾಯಿತು, ಮಣ್ಣೂ ಸುಲಭವಾಗಿ ಸಿಗದಾಯಿತು. ಒಂದೊಂದೇ ಮುಚ್ಚಿದವು. ಪುಸ್ತಕದಲ್ಲಿ ಇಷ್ಟೇ ಬರೆದಿರುತ್ತಾರೆ. ಈ ಕೆಲಸದಲ್ಲಿ ಹೆಂಗಸರು ಬಹಳ ಇದ್ದರು, ಅವರ ಮಾತು ಯಾರೂ ಎತ್ತೋದಿಲ್ಲ.

ದಡದಲ್ಲಿ ಸಿಕ್ಕ ವಯಸ್ಸಾದ ಹೆಂಗಸೊಬ್ಬರು ಹದಿನೆಂಟು ವರ್ಷ ಹಸಿ ಹೆಂಚು ಹೊತ್ತವರಂತೆ. "ಮುಚ್ಚಿದ ಮೇಲೆ ಎಂತ ಮಾಡುವುದು ಅಮ್ಮಾ, ಬೀಡಿ ಕಟ್ಟಿದೆ," ಅಂದರು. ಅವರ ಮನೆಗೀಗ ಮಗ ಹಾಕಿಸಿದ ತಗಡಿನ ಮಾಡು. ಬೇಸಿಗೆಯಲ್ಲಿ ಒಳಗೆ ಕೂರಲಿಕ್ಕೆ ಆಗುವುದಿಲ್ಲವಂತೆ.