ಕಿಡಿಯ ಅನ್ವೇಷಣೆ

ಮಳೆಗಾಲದ ಮುಂಜಾವದಲ್ಲಿ ಕಲ್ಕತ್ತೆಯ ಬೀದಿಯೊಂದರಲ್ಲಿ ಹಳೆಯ ಪೆಟ್ರೋಲು ಅಂಬಾಸಡರ್ ಟ್ಯಾಕ್ಸಿಯು ಚಾಲನೆಗೊಳ್ಳದೆ ನಿಂತಿತೆಂದರೆ, ಅದರ ಚಾಲಕನಿಗೆ ಆ ದಿನದ ಅನ್ನಕ್ಕೇ ಸಂಚಕಾರ ಬಂದಿತೆಂದು ತಿಳಿಯಬೇಕು. ಅವಸರದವನು ಒಡನೆಯೇ ಹೊಸ ಕಾಯಿಲನ್ನು ಕೊಳ್ಳಲು ಹೊರಡುವನು. ಬಲ್ಲವನು ಮೊದಲು ವಿಚಾರಿಸುವನು.

2014ರವರೆಗೆ ಉತ್ತರಪಾಡಾದಲ್ಲಿ ತಯಾರಾದ ಈ ಕಾರಿನ ಹಳೆಯ ಮಾದರಿಗಳಲ್ಲಿ ಕಿಡಿಯ ಮಾರ್ಗವು ಸರಳವಾದುದು. 12 ವೋಲ್ಟಿನ ಬ್ಯಾಟರಿಯ ವಿದ್ಯುತ್ತು ಕಾಯಿಲಿನ ಮೂಲಕ ಪಾಯಿಂಟುಗಳಿಗೆ ಹರಿಯುತ್ತದೆ. ಪಾಯಿಂಟುಗಳು ಬಿಚ್ಚಿಕೊಂಡ ಕ್ಷಣದಲ್ಲಿಯೇ ಕಾಯಿಲಿನಲ್ಲಿ ಸಾವಿರಾರು ವೋಲ್ಟುಗಳು ಹುಟ್ಟುವುವು. ಡಿಸ್ಟ್ರಿಬ್ಯೂಟರು ಅವನ್ನು 1-3-4-2 ಎಂಬ ಕ್ರಮದಲ್ಲಿ ನಾಲ್ಕು ಪ್ಲಗ್ಗುಗಳಿಗೆ ಹಂಚುವುದು.

ತಾರ್ಕಿಕರು ಅನ್ವಯ-ವ್ಯತಿರೇಕಗಳೆಂದು ಕರೆಯುವ ಕ್ರಮವೇ ಇಲ್ಲಿಯೂ ಸಲ್ಲುತ್ತದೆ. ಪೆಟ್ರೋಲು ಎಲ್ಲಿಯೂ ಸೋರುತ್ತಿಲ್ಲವೆಂದು ನೋಡಿಕೊಂಡು, ಡಿಸ್ಟ್ರಿಬ್ಯೂಟರಿನ ಮುಚ್ಚಳದಿಂದ ನಡುವಣ ತಂತಿಯನ್ನು ಬಿಡಿಸಿ, ಅದರ ತುದಿಯನ್ನು ರಬ್ಬರು ಹಿಡಿಯ ಇಕ್ಕಳದಿಂದ ಎಂಜಿನ್ನಿನ ಲೋಹದ ಸಮೀಪದಲ್ಲಿ ಹಿಡಿದು, ಮತ್ತೊಬ್ಬರಿಂದ ಎಂಜಿನ್ನನ್ನು ತಿರುಗಿಸಬೇಕು. ಬಲವಾದ ಕಿಡಿ ಹಾರಿದರೆ ಕಾಯಿಲು, ಪಾಯಿಂಟು, ಕಂಡೆನ್ಸರುಗಳು ನಿರ್ದೋಷಿಗಳು. ದೋಷವನ್ನು ಮುಂದಣ ಮುಚ್ಚಳ, ರೋಟರು, ತಂತಿ, ಪ್ಲಗ್ಗುಗಳಲ್ಲಿ ಹುಡುಕಬೇಕು. ಕಿಡಿಯು ಹಾರದಿದ್ದರೆ ಹಿಂದಕ್ಕೆ ನಡೆಯಬೇಕು: ಪಾಯಿಂಟುಗಳು ಸುಟ್ಟು ಗುಳಿಬಿದ್ದಿವೆಯೆ, ಅವುಗಳ ಅಂತರವು ಸುಮಾರು 0.4 ಮಿಲಿಮೀಟರು ಇದೆಯೆ, ಕಾಯಿಲಿಗೆ ಬ್ಯಾಟರಿಯ ವಿದ್ಯುತ್ತು ಬರುತ್ತಿದೆಯೆ ಎಂದು ಒಂದೊಂದಾಗಿ ಪರೀಕ್ಷಿಸಬೇಕು.

ಮಳೆಗಾಲದಲ್ಲಿ ಅನೇಕ ವೇಳೆ ಅಪರಾಧಿಯು ಮುಚ್ಚಳದ ಒಳಗಣ ತೇವವೇ. ವಿದ್ಯುತ್ತು ಪ್ಲಗ್ಗಿಗೆ ಹೋಗುವುದನ್ನು ಬಿಟ್ಟು ಆ ತೇವದ ಮೇಲೆಯೇ ಹರಿದು ವ್ಯರ್ಥವಾಗುತ್ತದೆ. ಹಾಗಿದ್ದಲ್ಲಿ ಒಣಬಟ್ಟೆಯ ಚೂರೊಂದು ಸಾಕು. ಕಾಯಿಲಿನ ಬೆಲೆಯು ಚಾಲಕನ ಕಿಸೆಯಲ್ಲಿಯೇ ಉಳಿಯುವುದು. ಅವನ ಮನೆಯ ಒಲೆಯೂ ಅಂದು ಹೊತ್ತುವುದು.