ಸುರಪುರ–ಯಾದಗಿರಿ ರಸ್ತೆ ಮತ್ತು ನನ್ನ ಕೆಂಪು ಪೋಲೊ

ಹೋದ ವರ್ಷ ನನ್ನ ಟೀಮಿನಲ್ಲಿ ನಾಲ್ಕು ಜನ ಕಾರು ತಗೊಂಡರು. ನಾಲ್ಕೂ ಆಟೊಮ್ಯಾಟಿಕ್. "ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ದಿನಾ ಕ್ಲಚ್ ತುಳೀತೀಯಲ್ಲ, ಹುಚ್ಚಾ ನಿನಗೆ?" ಅಂತ ನನ್ನನ್ನು ಕೇಳುತ್ತಾರೆ. ಹೌದು, ಸ್ವಲ್ಪ ಹುಚ್ಚೇ.

ನನ್ನದು 2021ರಲ್ಲಿ ಕೊಂಡ ಕೆಂಪು ಪೋಲೊ 1.0 ಟಿಎಸ್‌ಐ. ಮೂರೇ ಸಿಲಿಂಡರ್, ಟರ್ಬೊ, 110 ಪಿಎಸ್, ಆರು ಗೇರಿನ ಮ್ಯಾನುವಲ್. ಮರುವರ್ಷವೇ ಭಾರತದಲ್ಲಿ ಪೋಲೊ ತಯಾರಿಕೆ ನಿಂತುಹೋಯಿತು. ಇಂಥ ಕಾರು ಇನ್ನು ಸಿಗಲ್ಲ ಅನ್ನೋ ಸಂಕಟದಲ್ಲಿ ಅದರ ಮೇಲಿನ ಪ್ರೀತಿ ಇನ್ನೂ ಹೆಚ್ಚಾಯಿತು. ಪ್ರೀತಿ ಹೆಚ್ಚಾದರೆ ಇಂಜಿನಿಯರುಗಳು ಏನು ಮಾಡ್ತೀವಿ? ಸುಮ್ಮನಿರುವುದನ್ನು ಬಿಚ್ಚುತ್ತೇವೆ.

ಮೊದಲು ಟೈರು, ಬ್ರೇಕ್ ಪ್ಯಾಡ್. ಆಮೇಲೆ ರಿಮ್ಯಾಪ್. ಅಂದರೆ ಇಂಜಿನ್ನಿನ ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್ ಬದಲಿಸಿ, ಟರ್ಬೊ ಎಷ್ಟು ಒತ್ತಡ ಕೊಡಬೇಕು, ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಹಾರಬೇಕು ಅನ್ನೋ ಲೆಕ್ಕವನ್ನೇ ತಿದ್ದುವುದು. ಕೊನೆಗೆ ಗಾಡಿಯನ್ನು 35 ಮಿ.ಮೀ. ಕೆಳಗಿಳಿಸುವ ಗಟ್ಟಿ ಸ್ಪ್ರಿಂಗು. ತಿರುವಿನಲ್ಲಿ ಕಾರು ವಾಲುವುದೇ ಇಲ್ಲ, ಹಳಿ ಮೇಲೆ ಹೋದ ಹಾಗೆ ಹೋಗುತ್ತೆ. ಕಂಪನಿಯ ಹಳೇ ಸ್ಪ್ರಿಂಗುಗಳನ್ನು ರಟ್ಟಿನ ಡಬ್ಬಿಯಲ್ಲಿ ತುಂಬಿ ಅಟ್ಟಕ್ಕೆ ಹಾಕಿದೆ.

ಹಾಗೆ ಸಿಂಗಾರ ಮಾಡಿದ ಕಾರು ತಗೊಂಡು ಸಂಕ್ರಾಂತಿಗೆ ಊರಿಗೆ ಹೊರಟೆ. ಊರು ಸುರಪುರ. ಬೆಳಗಿನ ಜಾವ 4ಕ್ಕೆ ಬೆಂಗಳೂರು ಬಿಟ್ಟು ಚಿತ್ರದುರ್ಗ, ಹೊಸಪೇಟೆ, ಲಿಂಗಸುಗೂರು ದಾಟಿದರೆ ತಿಂಥಣಿಯಲ್ಲಿ ಕೃಷ್ಣೆಯ ಸೇತುವೆ. ಅಲ್ಲಿ ಪ್ರತಿ ಸಲ ಕಿಟಕಿ ಇಳಿಸುತ್ತೇನೆ. ಹೊಳೆ ದಾಟಿದರೆ ನಮ್ಮ ಸೀಮೆ: ಕಾಲುವೆ ನೀರು ಬಂದಲ್ಲಿ ಭತ್ತ, ಬರದಲ್ಲಿ ತೊಗರಿ, ಹತ್ತಿ.

ಸುರಪುರ ಗುಡ್ಡಗಳ ನಡುವಿನ ಊರು. 1857–58ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕರ ಸಂಸ್ಥಾನ. ಅವರು ಚಿಕ್ಕವರಿದ್ದಾಗ ಇಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಈಗಲೂ ಗುಡ್ಡದ ಮೇಲಿದೆ. ಅದಕ್ಕೆ ಟೇಲರ್ ಮಂಜಿಲ್ ಅಂತಾರೆ. ಕುದುರೆ ಮೇಲೆ ಹೋಗುತ್ತಿದ್ದ ಕಾಲದ ಊರಲ್ಲವೇ, ಓಣಿಗಳೆಲ್ಲ ಏರು, ಇಳಿಜಾರು. ನನ್ನ ಕಾರಿನ ಹೊಟ್ಟೆ ನಮ್ಮ ಓಣಿಗೆ ಬರುವಷ್ಟರಲ್ಲಿ ಮೂರು ಸಲ ನೆಲಕ್ಕೆ ತಾಗಿತು.

ಅಪ್ಪ ಸಾರಿಗೆ ಸಂಸ್ಥೆಯ ಬಸ್ ಡ್ರೈವರ್ ಆಗಿ ರಿಟೈರ್ ಆದವರು. ಕಾರಿನ ಸುತ್ತ ಒಂದು ಸುತ್ತು ಬಂದು, ಟೈರಿನ ಮೇಲೆ ಬೆರಳು ತೂರಿಸಿ ನೋಡಿ, "ಚಲೋ ಕಾಣ್ತದ ತಮ್ಮಾ" ಅಂದರು. ಅಷ್ಟೇ.

ಎರಡು ದಿನದ ಮೇಲೆ ಅವ್ವನ ನಡಕ್ಕೆ ಬೆಂಗಳೂರಿನಲ್ಲಿ ತೋರಿಸಬೇಕು ಅಂತಾಯ್ತು. ನನ್ನ ಜೊತೆ ಕಾರಿನಲ್ಲೇ ಬಾ ಅಂದೆ. "ಬ್ಯಾಡೋ, ನಾ ಯಾದಗಿರಿಯಿಂದ ರೈಲಿಗೆ ಬರ್ತೀನಿ. ನಿಮ್ಮ ಅಪ್ಪ ಜೋಡಿ ಇರ್ತಾರ" ಅಂದಳು. ಯಾಕೆ ಅಂತ ಹೊಳೆಯಲಿಲ್ಲ. ಇಬ್ಬರನ್ನೂ ಸ್ಟೇಷನ್ನಿಗೆ ಬಿಡಲು ಹೊರಟೆ.

ಸುರಪುರದಿಂದ ಶಹಾಪುರ, ಅಲ್ಲಿಂದ ಭೀಮಾ ನದಿ ದಾಟಿ ಯಾದಗಿರಿ, ಒಟ್ಟು ಸುಮಾರು 60 ಕಿ.ಮೀ. ಒಬ್ಬನೇ ಇದ್ದರೆ ನನಗೆ ಇದು ಆಟದ ರಸ್ತೆ. ಅವತ್ತು ಎಲ್ಲ ಹಳ್ಳಿಯ ಮುಂದೂ ಹಂಪ್. ಹತ್ತಿ ತುಂಬಿದ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕುವ ಹುಮ್ಮಸ್ಸಿನಲ್ಲಿದ್ದೆ. ಶಹಾಪುರ ಹತ್ತಿರ ಬಂದಾಗ ಕನ್ನಡಿಯಲ್ಲಿ ಅವ್ವ ಕಂಡಳು. ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದು ಕೈ ನಡದ ಹಿಂದೆ. ಹಂಪ್ ಬಂದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು. ಒಂದು ಮಾತೂ ಆಡಿರಲಿಲ್ಲ. ಹಬ್ಬದ ದಿನ ಅವಳನ್ನು ಗುಡಿಗೆ ಕರೆದುಕೊಂಡು ಹೋಗಿದ್ದು ನೆನಪಾಯಿತು. ರೈಲು ಯಾಕೆ ಅಂತ ಆಗ ತಿಳೀತು.

ಗಾಡಿ ಬದಿಗೆ ಹಾಕಿದೆ. ಅಪ್ಪ ಇಳಿದು ನನ್ನ ಬಾಗಿಲ ಹತ್ತಿರ ಬಂದರು. "ಇಲ್ಲಿ ಕೊಡು."

ಮುಂದಿನ ದಾರಿಯುದ್ದಕ್ಕೂ ಅವರು ಓಡಿಸಿದ್ದನ್ನು ನೋಡುತ್ತ ಕೂತೆ. ಹಂಪ್ ಇನ್ನೂ ದೂರ ಇದ್ದಾಗಲೇ ಆಕ್ಸಲರೇಟರ್ ಬಿಟ್ಟು, ಗೇರ್ ಒಂದೊಂದಾಗಿ ಇಳಿಸಿ, ಪ್ರತಿ ಸಲ ಒಂದಿಷ್ಟು ರೇಸ್ ಕೊಟ್ಟು ಕ್ಲಚ್ ಬಿಡುತ್ತಿದ್ದರು. ಬ್ರೇಕ್ ಮುಟ್ಟಿದ್ದೇ ಗೊತ್ತಾಗಲಿಲ್ಲ. ಹಳೇ ಬಸ್ಸುಗಳ ಗೇರ್‌ಬಾಕ್ಸಿನಲ್ಲಿ ಇಂಜಿನ್ ವೇಗ ಮತ್ತು ಗೇರಿನ ವೇಗ ಹೊಂದದಿದ್ದರೆ ಗೇರ್ ಬೀಳುತ್ತಲೇ ಇರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್, ಬಿಟ್ಟು ರೇಸ್, ಮತ್ತೆ ಒತ್ತಿ ಗೇರ್. ಅದೇ ಡಬಲ್ ಕ್ಲಚ್. ಈಗಿನ ಕಾರಿನಲ್ಲಿ ಆ ಕೆಲಸ ಸಿಂಕ್ರೊಮೆಶ್ ಮಾಡುತ್ತೆ. ಅಪ್ಪನ ಕಾಲು ಮಾತ್ರ ಮರೆತಿಲ್ಲ. ರೇಸಿಂಗ್ ವಿಡಿಯೊ ನೋಡಿ ನಾನು ವರ್ಷಗಟ್ಟಲೆ ಕಲಿತ 'ರೆವ್ ಮ್ಯಾಚಿಂಗ್' ಇದೇ.

"ಹಿಂದ ಐವತ್ತ ಮಂದಿ ಕುಂತಿರ್ತಿದ್ರು. ಬಸರಿ ಹೆಣ್ಮಕ್ಕಳು, ಮುದುಕರು. ಗಾಡಿ ನನಗ ಹೆಂಗ ಅನಸ್ತದ ಅಂತಲ್ಲ, ಹಿಂದಿನ ಸೀಟಿನವ್ರಿಗೆ ಹೆಂಗ ಅನಸ್ತದ ಅಂತ ನೋಡ್ಬೇಕು" ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಬೆಂಗಳೂರಿಗೆ ಬಂದವನೇ ಅಟ್ಟದಿಂದ ಡಬ್ಬಿ ಇಳಿಸಿದೆ. ಹಳೇ ಸ್ಪ್ರಿಂಗು ವಾಪಸ್ ಬಂದವು. ರಿಮ್ಯಾಪನ್ನೂ ತೆಗೆಸಿ ಕಂಪನಿಯ ಫೈಲ್ ಹಾಕಿಸಿದೆ; ನಮ್ಮ ಭಾಷೆಯಲ್ಲಿ ರೋಲ್‌ಬ್ಯಾಕ್. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿ ಬದಲಿಸಬಾರದು ಅನ್ನುತ್ತೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಮತ್ತೆ ಹೇಳಿದೆ. ಇದೆಲ್ಲ ನನಗೆ ಮೊದಲೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದೆ. ಟೈರು, ಬ್ರೇಕ್ ಪ್ಯಾಡ್ ಮಾತ್ರ ಉಳಿಸಿಕೊಂಡಿದ್ದೇನೆ.

ತಿರುವಿನಲ್ಲಿ ಕಾರು ಈಗ ಸ್ವಲ್ಪ ವಾಲುತ್ತೆ. ಅದಕ್ಕೆ ಬೇಸರ ಆಗುತ್ತೆ, ಸುಳ್ಳು ಹೇಳಲ್ಲ. ಆದರೆ ಗೇರ್ ಇದೆ, ಕ್ಲಚ್ ಇದೆ, ಸುಮಾರು 1,750 ಆರ್‌ಪಿಎಂನಲ್ಲಿ ಟರ್ಬೊ ಮೈಮುರಿದು ಏಳುವ ಆ ಗಳಿಗೆ ಇದೆ. ಹಂಪ್ ಬಂದಾಗ ಬ್ರೇಕ್ ಮುಟ್ಟದೆ ದಾಟುವುದೇ ಈಗ ನನ್ನ ಹೊಸ ಆಟ. ಲ್ಯಾಪ್ ಟೈಮಿಗಿಂತ ಕಷ್ಟ ಇದು, ಒಮ್ಮೆ ಮಾಡಿ ನೋಡಿ.

ಯುಗಾದಿಗೆ ಮತ್ತೆ ಹೋದಾಗ ಅವ್ವನನ್ನು ಶಹಾಪುರದ ಬೆಟ್ಟ ತೋರಿಸಲು ಕರೆದುಕೊಂಡು ಹೋದೆ. ದೂರದಿಂದ ನೋಡಿದರೆ ಬೆಟ್ಟಸಾಲು ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತೆ: ಹಣೆ, ಮೂಗು, ಎದೆ. ನೀವು ಆ ಕಡೆ ಹೋದರೆ ಸಂಜೆ ಬಿಸಿಲಿಳಿದ ಮೇಲೆ ಹೋಗಿ, ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತೆ.

ಬೆಟ್ಟ ನೋಡಿ ವಾಪಸ್ ಬರುವಾಗ ಕನ್ನಡಿ ನೋಡಿದೆ. ಅವ್ವ ಹಿಡಿಕೆ ಹಿಡಿದಿರಲಿಲ್ಲ. ನಿದ್ದೆ ಹೋಗಿದ್ದಳು. ಪಕ್ಕದಲ್ಲಿದ್ದ ಅಪ್ಪ ಗೇರ್ ಕಡೆ ನೋಡಿ, "ಮೂರಕ್ಕ ಹಾಕು, ಮುಂದ ಹಂಪ್ ಅದ" ಅಂತ ಮೆಲ್ಲಗೆ ಹೇಳಿದರು.